ಬಾರ್ಟ್‌ಗೆ ಇನ್ನೂ ಹತ್ತೇ ವರ್ಷ ಯಾಕೆ?

ಪ್ರಶ್ನೆ: ಮೇಡಂ, ನಮಸ್ಕಾರರೀ. ನಾನು ಕಲಬುರಗಿಯಲ್ಲಿ ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದೇನೆ. ಊರು ಚಿತ್ತಾಪುರದ ಹತ್ತಿರ. ‘ದ ಸಿಂಪ್ಸನ್ಸ್’ ಅನ್ನೋ ಅಮೆರಿಕದ ಟಿವಿ ಕಾರ್ಟೂನ್ ಎಂಟು ವರ್ಷದಿಂದ ನೋಡುತ್ತಿದ್ದೇನೆ. ಈಗ ನನ್ನ ತಮ್ಮನೂ ಪಕ್ಕದಲ್ಲಿ ಕೂತು ನೋಡುತ್ತಾನೆ. ಅವನಿಗೆ ಈ ವರ್ಷ ಹತ್ತು ತುಂಬಿತು. ಅದರಲ್ಲಿನ ಹುಡುಗ ಬಾರ್ಟ್‌ಗೂ ಹತ್ತು. ಆದರೆ ಬಾರ್ಟ್‌ಗೆ 1989ರಲ್ಲೂ ಹತ್ತೇ ಇತ್ತು! ಒಂದು ಕಂತಿನಲ್ಲಿ ಅವನ ಅಪ್ಪ ಅಮ್ಮ ಹೋಮರ್ ಮತ್ತು ಮಾರ್ಜ್ 1974ರಲ್ಲಿ ಶಾಲೆಯಲ್ಲಿ ಭೇಟಿ ಆದರು ಅಂತಾರೆ, ಇನ್ನೊಂದರಲ್ಲಿ ಅವರು 1990ರ ದಶಕದಲ್ಲಿ ಮಕ್ಕಳಿಲ್ಲದೆ ಓಡಾಡಿಕೊಂಡಿದ್ದರು ಅಂತಾರೆ. ಹೋಮರ್ ಕೆಲಸ ಮಾಡುವ ಸ್ಥಾವರದ ಮಾಲೀಕನ ಸಹಾಯಕ ಸ್ಮಿದರ್ಸ್‌ನ ಮೈಬಣ್ಣವೇ ಬದಲಾಗಿದೆ. ಬಾರ್ಟ್‌ನ ಶಾಲೆಯ ಪ್ರಿನ್ಸಿಪಾಲ್ ಸ್ಕಿನ್ನರ್ ಬೇರೆ ಯಾರೋ ಅಂತ ಒಂದು ಕಂತು ಹೇಳಿ, ಆಮೇಲೆ ಎಲ್ಲರೂ ಮರೆತುಬಿಡುತ್ತಾರೆ. ಹೋಮರ್ 1993ರಿಂದ ಕೋಮಾದಲ್ಲಿದ್ದಾನೆ, ಆಮೇಲಿನದೆಲ್ಲ ಅವನ ಕನಸು ಅಂತ ಅಭಿಮಾನಿಗಳು ಕಟ್ಟಿದ ಥಿಯರಿ ಓದಿದ ಮೇಲೆ ನನಗೆ ನೋಡುವ ಖುಷಿಯೇ ಹೋಗಿದೆ. ಅದು ನಿಜವಾ? ಇದೇ ವಿಷಯ ಸೆಮಿನಾರ್‌ಗೆ ತಗೊಂಡಿದ್ದೇನೆ. ಗೆಳೆಯರು ‘ಕಾರ್ಟೂನ್‌ದಾಗ ಎಂಥ ಲಾಜಿಕ್ಕೋ’ ಅಂತಾರೆ. ಯಾವ ಥಿಯರಿ ಹಿಡಿದು ಮಾತಾಡಲಿ? ಇನ್ನೊಂದು ಮಾತು: ಈ ಕಾರ್ಟೂನ್ ಭವಿಷ್ಯ ಹೇಳುತ್ತದೆ ಅಂತ ವಾಟ್ಸಾಪ್‌ನಲ್ಲಿ ಬರುತ್ತಲ್ಲ, ಅದನ್ನೂ ಸೇರಿಸಬಹುದಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಕೇಳಿರುವುದು ಮೂರು ನಾಲ್ಕು ಪ್ರಶ್ನೆ. ಆದರೆ ಕಾಡುತ್ತಿರುವುದು ಒಂದೇ ಅನಿಸಿತು. ಕೋಮಾ ಥಿಯರಿ ನಿಜ ಆಗಿಬಿಟ್ಟರೆ ನೀವು ಇಷ್ಟು ವರ್ಷ ನಕ್ಕಿದ್ದು, ಕಣ್ಣು ಒದ್ದೆ ಮಾಡಿಕೊಂಡಿದ್ದು ಎಲ್ಲ ಆಸ್ಪತ್ರೆ ಮಂಚದ ಮೇಲೆ ಮಲಗಿದವನ ಕನಸಾಗಿಬಿಡುತ್ತದೆ. ಬಾರ್ಟ್‌ನ ತಂಗಿ ಲಿಸಾ ಅಷ್ಟು ಚೆನ್ನಾಗಿ ಸ್ಯಾಕ್ಸೊಫೋನ್ ನುಡಿಸಿದ್ದೂ ಸುಳ್ಳಾಗುತ್ತದೆ. ಆ ಭಯ ನನಗೆ ಅರ್ಥ ಆಗುತ್ತದೆ.

ಅದಕ್ಕೇ ಮೊದಲು ಅದನ್ನೇ ಹೇಳಿಬಿಡುತ್ತೇನೆ. ಕೋಮಾ ಥಿಯರಿ ನಿಜ ಅಲ್ಲ. ಈ ಸರಣಿಯನ್ನು ಬಹಳ ವರ್ಷ ನಡೆಸಿಕೊಂಡು ಬಂದ ಅಲ್ ಜೀನ್ ಅವರೇ ಅದನ್ನು ಅಲ್ಲಗಳೆದಿದ್ದಾರೆ. ಆದರೆ ಅವರು ಇಲ್ಲ ಅಂದರು ಅಂತ ಮಾತ್ರ ನೀವು ಒಪ್ಪಬೇಕಿಲ್ಲ. ಕೆಲಸ ಹೇಗೆ ನಡೆಯುತ್ತದೆ ಅಂತ ಗೊತ್ತಾದರೆ ನಿಮಗೇ ಕಾಣುತ್ತದೆ.

ನಾನು ಹದಿನಾಲ್ಕು ವರ್ಷ ಹೈದರಾಬಾದಿನ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಚೆಕಿಂಗ್ ವಿಭಾಗದಲ್ಲಿದ್ದೆ. ಚೆಕಿಂಗ್ ಅಂದರೆ ಒಂದು ಶಾಟ್‌ನಲ್ಲಿ ಇದ್ದದ್ದು ಮುಂದಿನ ಶಾಟ್‌ನಲ್ಲೂ ಹಾಗೇ ಇದೆಯಾ ಅಂತ ನೋಡುವುದು. ಕೈಯಲ್ಲಿದ್ದ ಲೋಟ ಎಲ್ಲಿ ಹೋಯಿತು? ಬಾಗಿಲು ತೆರೆದಿತ್ತಲ್ಲ, ಈಗ ಯಾಕೆ ಮುಚ್ಚಿದೆ? ಇದಕ್ಕೆ ನಮ್ಮಲ್ಲಿ ‘ಹುಕಪ್ ನೋಡೋದು’ ಅಂತಿದ್ದರು. ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ಕೆಲಸ. ಅಂದರೆ ನೀವು ಪತ್ರದಲ್ಲಿ ಪಟ್ಟಿ ಮಾಡಿರುವಂಥ ತಪ್ಪುಗಳನ್ನು ಹಿಡಿಯುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಎಷ್ಟೋ ತಪ್ಪು ನನ್ನ ಕಣ್ಣು ತಪ್ಪಿಸಿಯೂ ಹೋಗಿವೆ.

ಅದರಲ್ಲಿ ಒಂದನ್ನು ಹೇಳುತ್ತೇನೆ. ನಮ್ಮ ಒಂದು ಸರಣಿಯಲ್ಲಿ ಹಳ್ಳಿ ಹುಡುಗಿ ಒಬ್ಬಳಿದ್ದಳು. ಬಲ ಮೂಗಿಗೆ ಮೂಗುತಿ. ಮಾಡೆಲ್ ಶೀಟ್‌ನಲ್ಲಿ, ಅಂದರೆ ಪಾತ್ರ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣಬೇಕು ಅಂತ ಬರೆದಿಟ್ಟ ಹಾಳೆಯಲ್ಲಿ, ಅದು ಸ್ಪಷ್ಟವಾಗಿಯೇ ಇತ್ತು. ಒಂದು ಕಂತಿನಲ್ಲಿ ಅವಳು ಎಡಗಡೆಯಿಂದ ಬಲಗಡೆಗೆ ಓಡಬೇಕಿತ್ತು. ನಮ್ಮ ಹತ್ತಿರ ಬಲದಿಂದ ಎಡಕ್ಕೆ ಓಡುವ ಚಿತ್ರಗಳು ಮೊದಲೇ ಇದ್ದವು. ಕಂತು ಕೊಡುವ ದಿನ ಹತ್ತಿರ ಬಂದಿತ್ತು. ಹೊಸದಾಗಿ ಬರೆಯುವ ಬದಲು ಇದ್ದದ್ದನ್ನೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಹಾಕಿದರು. ಓಟ ಸರಿ ಬಂತು. ಮೂಗುತಿ ಮಾತ್ರ ಎಡ ಮೂಗಿಗೆ ಹೋಯಿತು. ಸುಮಾರು ನಾಲ್ಕು ಸೆಕೆಂಡು. ನಾನು ನೋಡಲಿಲ್ಲ. ಟಿವಿಯಲ್ಲಿ ಹೋಯಿತು.

ಎರಡು ತಿಂಗಳ ಮೇಲೆ ಒಂದು ಮಗುವಿನ ಪತ್ರ ಬಂತು. ರೂಲ್ ಹಾಳೆ, ಪೆನ್ಸಿಲ್ ಅಕ್ಷರ. ‘ಆ ಹುಡುಗಿಗೆ ಒಬ್ಬಳು ಅವಳಿ ಅಕ್ಕ ಇದ್ದಾಳೆ, ಅಲ್ವಾ? ಓಡಿ ಹೋದದ್ದು ಅಕ್ಕ. ಅವಳನ್ನ ಯಾಕೆ ಮನೆಯಲ್ಲಿ ಬಚ್ಚಿಟ್ಟಿದ್ದೀರಿ?’ ಅಂತ ಕೇಳಿತ್ತು. ಕೆಳಗೆ ಇಬ್ಬರ ಚಿತ್ರ. ಒಬ್ಬಳಿಗೆ ಬಲಕ್ಕೆ ಮೂಗುತಿ, ಒಬ್ಬಳಿಗೆ ಎಡಕ್ಕೆ. ನಾನು ಆ ಹಾಳೆ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ನಾಲ್ಕು ಸೆಕೆಂಡಿನ ಚಿತ್ರವನ್ನು ಅಷ್ಟು ಪ್ರೀತಿಯಿಂದ ಯಾರೂ ನೋಡಿರಲಿಲ್ಲ. ಮಾಡಿದ ನಾವೂ ನೋಡಿರಲಿಲ್ಲ. ಅಂಥ ಪತ್ರಗಳಿಗೆ ಉತ್ತರ ಬರೆಯಬಾರದು ಅಂತ ನಮ್ಮಲ್ಲಿ ನಿಯಮ ಇತ್ತು. ಬರೆಯಲಿಲ್ಲ. ಅದು ಇವತ್ತಿಗೂ ಮನಸ್ಸಿನಲ್ಲಿದೆ. ನಿಮಗೆ ಇಷ್ಟು ಉದ್ದ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಫ್ಯಾನ್ ಥಿಯರಿ ಹುಟ್ಟುವುದು ಹೀಗೆ. ನೋಡುವವರು ಪರದೆ ಮೇಲೆ ಕಂಡದ್ದೆಲ್ಲ ಬೇಕಂತಲೇ ಇಟ್ಟದ್ದು ಅಂತ ನಂಬಿರುತ್ತಾರೆ. ಆ ನಂಬಿಕೆಯೇ ಥಿಯರಿಯ ಬೇರು. ಅದು ದಡ್ಡತನ ಅಲ್ಲ, ಕಥೆಯ ಮೇಲಿನ ಗೌರವ. ಆದ್ದರಿಂದ ‘ಕಾರ್ಟೂನ್‌ದಾಗ ಎಂಥ ಲಾಜಿಕ್ಕೋ’ ಅನ್ನುವ ಗೆಳೆಯರ ಮಾತನ್ನು ನಾನು ಒಪ್ಪುವುದಿಲ್ಲ. ಲಾಜಿಕ್ ಇದೆ. ಸ್ವಲ್ಪ ಕಥೆಯ ಒಳಗೆ, ಸ್ವಲ್ಪ ಅದನ್ನು ಮಾಡಿದವರ ಮೇಜಿನ ಮೇಲೆ. ನಿಮ್ಮ ಪಟ್ಟಿಯಲ್ಲಿ ಇರುವುದನ್ನೆಲ್ಲ ಒಂದೇ ಚೀಲಕ್ಕೆ ಹಾಕಿದ್ದೀರಿ, ತೊಂದರೆ ಅಲ್ಲಿದೆ. ಒಂದೊಂದೇ ಹೊರಗೆ ತೆಗೆದು ನೋಡೋಣ.

ಸ್ಮಿದರ್ಸ್‌ದು ತೀರಾ ಸುಲಭ. 1990ರ ಜನವರಿಯಲ್ಲಿ ಬಂದ ಕಂತಿನಲ್ಲಿ ಅವನ ಮೈ ಕಪ್ಪು ಕಂದು, ಕೂದಲು ನೀಲಿ. ಆಮೇಲೆ ಎಲ್ಲರ ಹಾಗೆ ಹಳದಿ. ರಜೆಗೆ ಹೋಗಿ ಬಿಸಿಲಲ್ಲಿ ಕಪ್ಪಾಗಿ ಬಂದಿದ್ದ ಅಂತ ಅಭಿಮಾನಿಗಳು ಹೇಳುತ್ತಾರೆ. ಕಲಬುರಗಿಯ ಮೇ ತಿಂಗಳು ಕಂಡ ನಮಗೆ ಅದು ಪೂರ್ತಿ ನಂಬುವಂಥ ಮಾತೇ! ಆದರೆ ನಡೆದದ್ದು ಬಣ್ಣದ ತಪ್ಪು. ಆಗ ಪಾರದರ್ಶಕ ಹಾಳೆ ಮೇಲೆ ಕೈಯಿಂದ ಬಣ್ಣ ಹಚ್ಚುವ ಕಾಲ. ಆ ಹಾಳೆಗೆ ಸೆಲ್ ಅಂತಾರೆ. ಒಂದು ಪಾತ್ರಕ್ಕೆ ಯಾವ ಬಣ್ಣ ಅಂತ ಚೀಟಿಯಲ್ಲಿ ಒಮ್ಮೆ ತಪ್ಪಿದರೆ ನೂರಾರು ಹಾಳೆಗೆ ಅದೇ ಬಣ್ಣ ಹೋಗುತ್ತದೆ. ಅಷ್ಟನ್ನೂ ಮತ್ತೆ ಬರೆಸುವುದಕ್ಕೆ ದುಡ್ಡು, ಸಮಯ ಎರಡೂ ಬೇಕು. ಶುರುವಿನ ಕಂತುಗಳಲ್ಲಿ ಬಾರ್ ಮಾಲೀಕ ಮೋ, ಹೋಮರ್‌ನ ಗೆಳೆಯ ಬಾರ್ನಿ ಇವರ ಕೂದಲ ಬಣ್ಣವೂ ಈಗಿನ ಹಾಗಿಲ್ಲ. ಅದಕ್ಕೂ ಯಾವ ರಹಸ್ಯವೂ ಇಲ್ಲ. ಪಾತ್ರಗಳು ಇನ್ನೂ ಗಟ್ಟಿಯಾಗಿರಲಿಲ್ಲ, ಅಷ್ಟೇ.

ನಾಯಿಯ ವಿಷಯ ನೀವು ಬರೆದಿಲ್ಲ, ಆದರೆ ಸೆಮಿನಾರ್‌ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಸರಣಿಯ ಮೊದಲ ಕಂತು 1989ರ ಡಿಸೆಂಬರ್ 17ರಂದು ಬಂತು. ಕ್ರಿಸ್‌ಮಸ್ ಕಥೆ. ಕೊನೆಗೆ ಹೋಮರ್ ರೇಸ್‌ನಲ್ಲಿ ಸೋತ ನಾಯಿಯನ್ನು ಮನೆಗೆ ತರುತ್ತಾನೆ. ಮನೆಯವರೆಲ್ಲ ಅದನ್ನು ಅಪ್ಪಿಕೊಳ್ಳುತ್ತಾರೆ. ಆಮೇಲಿನ ಕೆಲವು ಕಂತು ನೋಡಿದರೆ ಮನೆಯಲ್ಲಿ ನಾಯಿಯೇ ಇಲ್ಲ! ನಾಯಿ ಎಲ್ಲಿ ಹೋಯಿತು ಅಂತ ಎಷ್ಟು ಬೇಕಾದರೂ ಥಿಯರಿ ಕಟ್ಟಬಹುದು. ಉತ್ತರ ಕಂತಿನ ಕೋಡ್‌ನಲ್ಲಿದೆ. ಪ್ರತಿ ಕಂತಿಗೂ ತಯಾರಾದ ಕ್ರಮದ ಒಂದು ಕೋಡ್ ಇರುತ್ತದೆ. ಆ ಕ್ರಿಸ್‌ಮಸ್ ಕಂತಿನ ಕೋಡ್ 7ಜಿ08. ಅಂದರೆ ಎಂಟನೆಯದು. ಮೊದಲು ತಯಾರಾದ 7ಜಿ01 ಅನ್ನುವ ಕಂತು ಕೊರಿಯಾದಿಂದ ಬಂದಾಗ ಅನಿಮೇಷನ್ ಸರಿ ಇರಲಿಲ್ಲ. ಬಹಳಷ್ಟು ಮತ್ತೆ ಮಾಡಿಸಬೇಕಾಯಿತು. ಅದು 1990ರ ಮೇ ತಿಂಗಳಲ್ಲಿ, ಮೊದಲ ಸೀಸನ್ನಿನ ಕೊನೆಗೆ ಬಂತು. ಹೀಗೆ ಎಂಟನೆಯದು ಮೊದಲಾಯಿತು, ಮೊದಲನೆಯದು ಕೊನೆಯಾಯಿತು. ಕೋಡ್‌ನಲ್ಲಿ ಇವೆರಡರ ನಡುವೆ ಇರುವ ಕಂತುಗಳನ್ನು ಬರೆಯುವಾಗ ಆ ನಾಯಿ ಇನ್ನೂ ಮನೆಗೆ ಬಂದೇ ಇರಲಿಲ್ಲ.

ಇದನ್ನು ನಾನು ವಿದ್ಯಾರ್ಥಿಗಳಿಗೆ ಪದೇ ಪದೇ ಹೇಳುತ್ತೇನೆ. ತಪ್ಪು ಕಂಡ ಕೂಡಲೇ ‘ಕಥೆಯಲ್ಲಿ ಏನಾಯಿತು’ ಅಂತ ಕೇಳುವ ಮೊದಲು ‘ಮಾಡುವಾಗ ಏನಾಯಿತು’ ಅಂತ ಕೇಳಿ. ಸಿಂಪ್ಸನ್ಸ್‌ನ ಒಂದು ಕಂತಿಗೆ ಹೆಚ್ಚು ಕಡಿಮೆ ಎಂಟು ಒಂಬತ್ತು ತಿಂಗಳು ಬೇಕು. ಅಮೆರಿಕದಲ್ಲಿ ಬರೆಯುತ್ತಾರೆ, ದನಿ ರೆಕಾರ್ಡ್ ಮಾಡುತ್ತಾರೆ, ಸ್ಟೋರಿಬೋರ್ಡ್ ಮಾಡುತ್ತಾರೆ. ಚಿತ್ರದ ದೊಡ್ಡ ಕೆಲಸ ದಕ್ಷಿಣ ಕೊರಿಯಾದಲ್ಲಿ. ವಾಪಸ್ ಬಂದ ಮೇಲೆ ರೀಟೇಕ್, ಅಂದರೆ ಸರಿ ಇಲ್ಲದ್ದನ್ನು ಮತ್ತೆ ಮಾಡಿಸುವುದು. ಹೀಗೆ ಹಲವು ಕಂತು ಒಂದೇ ಸಲಕ್ಕೆ ಬೇರೆ ಬೇರೆ ಹಂತದಲ್ಲಿ ನಡೆಯುತ್ತಿರುತ್ತವೆ. ಬರೆಯುವವರು ಬೇರೆ, ನಿರ್ದೇಶಕರು ಬೇರೆ. ಒಂದು ಮದುವೆಗೆ ನಾಲ್ಕು ಓಣಿಯವರು ಸೇರಿ ರೊಟ್ಟಿ ಬಡಿದ ಹಾಗೆ. ಎಲ್ಲ ಜೋಳದ ರೊಟ್ಟಿಯೇ, ಆದರೆ ಅಂಚು ಒಂದೊಂದರದು ಒಂದೊಂದು ತರ.

ಈಗ ಬಾರ್ಟ್‌ನ ವಯಸ್ಸು. ಇದು ತಪ್ಪೇ ಅಲ್ಲ, ಆರಿಸಿಕೊಂಡ ದಾರಿ. ಬಾರ್ಟ್‌ಗೆ 10, ಲಿಸಾಗೆ 8, ಮ್ಯಾಗಿ ಇನ್ನೂ ಬಾಯಲ್ಲಿ ನಿಪ್ಪಲ್ ಇಟ್ಟುಕೊಂಡ ಕೂಸು. ನಿಜವಾದ ಕ್ಯಾಲೆಂಡರ್ ಹಚ್ಚಿದ್ದರೆ 2024ಕ್ಕೆ ಬಾರ್ಟ್‌ಗೆ 45 ಆಗಬೇಕಿತ್ತು. ಆಗ ಅದು ಬೇರೆಯೇ ಕಥೆ. ಈ ಮನೆಯ ನಗು ನಿಂತಿರುವುದು ಹತ್ತು ವರ್ಷದ ಹುಡುಗನ ಕಿತಾಪತಿ, ಎಂಟು ವರ್ಷದ ಹುಡುಗಿಯ ಒಂಟಿತನ, ಇವರಿಬ್ಬರ ನಡುವೆ ಸಿಕ್ಕಿಕೊಂಡ ಅಪ್ಪ ಅಮ್ಮನ ಮೇಲೆ. ಆದ್ದರಿಂದ ಮಕ್ಕಳ ವಯಸ್ಸನ್ನು ಹಿಡಿದು ನಿಲ್ಲಿಸಿ, ವರ್ಷವನ್ನು ಮಾತ್ರ ಮುಂದೆ ಬಿಟ್ಟರು. ಅಭಿಮಾನಿಗಳು ಇದಕ್ಕೆ ಫ್ಲೋಟಿಂಗ್ ಟೈಮ್‌ಲೈನ್ ಅಂತಾರೆ. ಮೊಬೈಲ್ ಬರುತ್ತದೆ, ಅಧ್ಯಕ್ಷರು ಬದಲಾಗುತ್ತಾರೆ, ಬಾರ್ಟ್ ಮಾತ್ರ ನಾಲ್ಕನೇ ಕ್ಲಾಸು.

ಹೀಗೆ ಮಾಡಿದರೆ ಒಂದು ಕಷ್ಟ ಬರುತ್ತದೆ. ಮಕ್ಕಳು ನಿಂತರೆ ಅಪ್ಪ ಅಮ್ಮನ ಹಿಂದಿನ ಕಾಲ ಜಾರಬೇಕಾಗುತ್ತದೆ. ನಿಮಗೆ ಮೋಸ ಅನಿಸಿದ್ದು ಇಲ್ಲೇ. ಸ್ವಲ್ಪ ಲೆಕ್ಕ ಹಾಕಿ. 1991ರಲ್ಲಿ ಬಂದ ಕಂತುಗಳಲ್ಲಿ ಒಂದು, ಹೋಮರ್ ಮತ್ತು ಮಾರ್ಜ್ 1974ರಲ್ಲಿ ಶಾಲೆಯ ಕೊನೆ ವರ್ಷದಲ್ಲಿ ಭೇಟಿ ಆದರು ಅನ್ನುತ್ತದೆ. ಇನ್ನೊಂದು, ಬಾರ್ಟ್ ಹೊಟ್ಟೆಯಲ್ಲಿ ಬಂದದ್ದು 1980ರಲ್ಲಿ ಅನ್ನುತ್ತದೆ. 1991ರಿಂದ ಹತ್ತು ಕಳೆಯಿರಿ, 1981. ಸರಿ ಹೊಂದುತ್ತದೆ. 2008ರ ಜನವರಿಯಲ್ಲಿ ಬಂದ ಕಂತು ಅವರಿಬ್ಬರನ್ನು 1990ರ ದಶಕದಲ್ಲಿ ಮಕ್ಕಳಿಲ್ಲದ ಜೋಡಿಯಾಗಿ ತೋರಿಸುತ್ತದೆ. ಹೋಮರ್ ಬ್ಯಾಂಡ್ ಕಟ್ಟಿ ಹಾಡುತ್ತಾನೆ. 2008ರಿಂದ ಹತ್ತು ಕಳೆಯಿರಿ, 1998. ಅದೂ ಸರಿ! ಅಂದರೆ ಎರಡೂ ಸಲ ಬರೆದವರು ಲೆಕ್ಕ ಮಾಡಿಯೇ ಬರೆದಿದ್ದಾರೆ. ಕಂತು ಬಂದ ವರ್ಷದಲ್ಲಿ ನಿಂತು ನೋಡಿದರೆ ಪ್ರತಿಯೊಂದೂ ಸರಿ. ಎರಡನ್ನೂ ಒಟ್ಟಿಗೆ ಇಟ್ಟರೆ ಮಾತ್ರ ಒಂದಕ್ಕೊಂದು ಕೂಡುವುದಿಲ್ಲ.

ಇದು ನನಗೆ ಹೊಸದಾಗಿ ಕಾಣಲಿಲ್ಲ. ನಮ್ಮ ಆಯಿಗೆ ಹುಟ್ಟಿದ ತಾರೀಖು ಗೊತ್ತಿರಲಿಲ್ಲ. ‘ರಜಾಕಾರರ ಗದ್ಲದಾಗ ನಾ ಇಷ್ಟ್ ಇದ್ದೆ’ ಅಂತ ಕೈ ಚಾಚಿ ತೋರಿಸುತ್ತಿದ್ದಳು. ಹೆದರಿ ಹೊಲದಲ್ಲಿ ಅಡಗಿ ಕೂತ ಕಥೆ ಹೇಳುವಾಗ ಕೈ ಮೊಣಕಾಲ ಹತ್ತಿರ ಇರುತ್ತಿತ್ತು. ತಮ್ಮಂದಿರನ್ನು ಎತ್ತಿಕೊಂಡು ಓಡಿದ ಕಥೆಗೆ ಅದೇ ಕೈ ಎದೆ ಮಟ್ಟಕ್ಕೆ ಬರುತ್ತಿತ್ತು. 1948ರ ಸೆಪ್ಟೆಂಬರ್ ಒಂದೇ, ಆಯಿ ಒಬ್ಬಳೇ. ಚಿಕ್ಕವಳಿದ್ದಾಗ ನಾನು ಸ್ಕೇಲ್ ತಂದು ಅಳೆದು, ‘ಸುಳ್ಳು ಹೇಳ್ತಿ’ ಅಂತ ಜಗಳ ತೆಗೆದಿದ್ದೆ. ಆಕೆ ಸುಳ್ಳು ಹೇಳುತ್ತಿರಲಿಲ್ಲ. ಆ ಕಥೆಗೆ ಎಷ್ಟು ಎತ್ತರದ ಹುಡುಗಿ ಬೇಕೋ ಅಷ್ಟು ಎತ್ತರಕ್ಕೆ ಕೈ ಹೋಗುತ್ತಿತ್ತು.

ಆದರೂ 2008ರ ಕಂತು ಅಭಿಮಾನಿಗಳಿಗೆ ನೋವು ಮಾಡಿತು. ಅದಕ್ಕೆ ಒಳ್ಳೆಯ ಕಾರಣವೂ ಇದೆ. 1990ರ ದಶಕ ಬರೀ ಹಿಂದಿನ ಕಥೆ ಅಲ್ಲ. ಸರಣಿ ನಡೆಯುತ್ತಿದ್ದ ಕಾಲವೇ ಅದು. ಜನ ಆ ವರ್ಷಗಳಲ್ಲೇ ಟಿವಿ ಮುಂದೆ ಕೂತು ಹತ್ತು ವರ್ಷದ ಬಾರ್ಟ್‌ನನ್ನು ಕಣ್ಣಾರೆ ನೋಡಿದ್ದರು. ಆಗ ಬಾರ್ಟ್ ಹುಟ್ಟಿಯೇ ಇರಲಿಲ್ಲ ಅಂದರೆ ನೋಡಿದ ನೆನಪನ್ನೇ ಅಳಿಸಿದ ಹಾಗೆ. ನನ್ನ ಅಭಿಪ್ರಾಯ ಕೇಳಿದರೆ, ಲೆಕ್ಕ ಸರಿ ಇತ್ತು, ಆದರೆ ಆ ದಶಕವನ್ನು ಮುಟ್ಟಬಾರದಿತ್ತು.

ಸ್ಕಿನ್ನರ್ ವಿಷಯ ಇನ್ನೂ ಬೇರೆ. 1997ರ ಸೆಪ್ಟೆಂಬರ್‌ನಲ್ಲಿ ಬಂದ ಕಂತಿನಲ್ಲಿ ನಿಜವಾದ ಸ್ಕಿನ್ನರ್ ಊರಿಗೆ ಬರುತ್ತಾನೆ. ನಾವು ಇಷ್ಟು ದಿನ ಕಂಡವನು ಆರ್ಮಿನ್ ಟಾಮ್‌ಜೇರಿಯನ್ ಅನ್ನುವ ಬೇರೊಬ್ಬ ಅಂತ ಗೊತ್ತಾಗುತ್ತದೆ. ಕೊನೆಗೆ ಊರವರು ನಿಜವಾದವನನ್ನು ಕಳಿಸಿಬಿಡುತ್ತಾರೆ. ಇನ್ನು ಮುಂದೆ ಯಾರೂ ಈ ಮಾತು ಎತ್ತಬಾರದು ಅಂತ ನ್ಯಾಯಾಧೀಶ ಆಜ್ಞೆ ಮಾಡುತ್ತಾನೆ. ಸ್ಕಿನ್ನರ್‌ಗೆ ದನಿ ಕೊಟ್ಟ ನಟ ಹ್ಯಾರಿ ಶಿಯರರ್ ಅವರಿಗೇ ಈ ಕಥೆ ಹಿಡಿಸಲಿಲ್ಲ, ಅದನ್ನು ಬಹಿರಂಗವಾಗಿಯೇ ಹೇಳಿದರು. ಇದು ಕಣ್ಣು ತಪ್ಪಿ ಆದದ್ದಲ್ಲ. ಬರಹಗಾರರು ಗೊತ್ತಿದ್ದೇ ಮಾಡಿದ ಬದಲಾವಣೆ. ಹೀಗೆ ಹಿಂದಿನ ಕಥೆಯನ್ನೇ ಹೊಸದಾಗಿ ಬರೆಯುವುದಕ್ಕೆ ರೆಟ್ಕಾನ್ ಅಂತಾರೆ. ಜನ ಒಪ್ಪದಿದ್ದರೆ ಅದು ಮೂಲೆಗೆ ಬೀಳುತ್ತದೆ.

ನಮ್ಮ ಊರನ್ನೇ ನೋಡಿ. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಗುಲ್ಬರ್ಗ. ಆಧಾರ್‌ನಲ್ಲಿ ಕಲಬುರಗಿ. 2014ರ ನವೆಂಬರ್ 1ಕ್ಕೆ ಹೆಸರು ಬದಲಾಯಿತು. ವಿಶ್ವವಿದ್ಯಾಲಯದ ಹೆಸರಲ್ಲಿ ಮಾತ್ರ ಗುಲ್ಬರ್ಗ ಹಾಗೇ ಉಳಿಯಿತು. ಮುಂದೆ ಯಾವತ್ತೋ ಈ ಕಾಗದಗಳಷ್ಟೇ ಸಿಕ್ಕವರು ಇಲ್ಲಿ ಎರಡು ಊರು ಇದ್ದವು ಅಂತ ಥಿಯರಿ ಕಟ್ಟಬಹುದು. ಅವರ ಸಾಕ್ಷಿ ಸುಳ್ಳಲ್ಲ. ಆದರೆ ಸರಕಾರದ ಒಂದು ಆದೇಶದ ವಿಷಯ ಗೊತ್ತಿಲ್ಲದೆ ಎಲ್ಲವನ್ನೂ ಊರಿನ ಒಳಗಿಂದಲೇ ವಿವರಿಸಲು ಹೊರಟಿರುತ್ತಾರೆ.

ಇನ್ನು ಕೆಲವು ಬದಲಾವಣೆಗೆ ಕಾರಣ ತೀರಾ ಮನುಷ್ಯರದ್ದು. ನಟ ಫಿಲ್ ಹಾರ್ಟ್‌ಮನ್ 1998ರಲ್ಲಿ ತೀರಿಕೊಂಡರು. ಅವರು ದನಿ ಕೊಡುತ್ತಿದ್ದ ಟ್ರಾಯ್ ಮೆಕ್‌ಕ್ಲೂರ್, ವಕೀಲ ಲಯನಲ್ ಹಟ್ಜ್ ಇಬ್ಬರನ್ನೂ ಸರಣಿ ಸುಮ್ಮನೆ ನಿಲ್ಲಿಸಿಬಿಟ್ಟಿತು. 2013ರಲ್ಲಿ ಮಾರ್ಸಿಯಾ ವ್ಯಾಲೇಸ್ ತೀರಿಕೊಂಡ ಮೇಲೆ ಅವರು ದನಿ ಕೊಡುತ್ತಿದ್ದ ಬಾರ್ಟ್‌ನ ಟೀಚರ್ ಎಡ್ನಾ ಕೂಡ ಕಥೆಯಿಂದ ಹೋದಳು. ಆ ಟೀಚರ್ ಎಲ್ಲಿ ಮಾಯವಾದಳು ಅಂತ ಕಥೆಯೊಳಗೆ ಹುಡುಕುವ ಮೊದಲು ಇದು ಗೊತ್ತಿರಬೇಕು. ಇಂಥ ಕಡೆ ಥಿಯರಿ ಕಟ್ಟುವುದನ್ನು ಕೇಳಿದರೆ ನನಗೆ ಸಂಕಟ ಆಗುತ್ತದೆ.

ಬೇಕಂತಲೇ ಮಾಡಿದ ಹೊಂದದಿರುವಿಕೆಯೂ ಇದೆ. ಇವರೆಲ್ಲ ಇರುವ ಊರು ಸ್ಪ್ರಿಂಗ್‌ಫೀಲ್ಡ್ ಯಾವ ರಾಜ್ಯದಲ್ಲಿದೆ ಅಂತ ಹೇಳದೆ ಇರುವುದು ಅವರ ಹಳೆಯ ಆಟ. ಒಂದು ಸುಳಿವು ಕೊಟ್ಟರೆ ಇನ್ನೊಂದರಲ್ಲಿ ಅದನ್ನು ಮುರಿಯುತ್ತಾರೆ. ಅದಕ್ಕೆ ನಕ್ಷೆ ಬರೆದು ತಲೆ ಕೆಡಿಸಿಕೊಳ್ಳಬೇಡಿ. ತಪ್ಪು ಹುಡುಕುವವರನ್ನೂ ಅವರು ಬಿಟ್ಟಿಲ್ಲ. 1997ರ ಫೆಬ್ರವರಿಯ ಒಂದು ಕಂತಿನಲ್ಲಿ ಅಭಿಮಾನಿಯೊಬ್ಬ ಎದ್ದು ನಿಂತು, ಕಥೆಯೊಳಗಿನ ಕಾರ್ಟೂನ್ ಇಲಿ ಬೆಕ್ಕಿನ ಎಲುಬುಗಳನ್ನು ವಾದ್ಯದ ಹಾಗೆ ನುಡಿಸುತ್ತ ಒಂದೇ ಪಕ್ಕೆಲುಬನ್ನು ಎರಡು ಸಲ ಬಡಿದಾಗ ಎರಡು ಬೇರೆ ಸ್ವರ ಬಂತಲ್ಲ ಅಂತ ಕೇಳುತ್ತಾನೆ. ನಿಮ್ಮಂಥ ನೋಡುಗರು ಇದ್ದಾರೆ ಅಂತ ಅವರಿಗೆ ಮೊದಲಿನಿಂದಲೂ ಗೊತ್ತು.

ಈಗ ಕೋಮಾ ಥಿಯರಿಗೆ ಬರೋಣ. ಅದು ನಿಂತಿರುವುದು ಎರಡು ಕಂತಿನ ಮೇಲೆ. 1992ರ ಅಕ್ಟೋಬರ್‌ನ ಕಂತಿನಲ್ಲಿ ಹೋಮರ್ ಕನಸಲ್ಲಿ ದೇವರನ್ನು ಕಾಣುತ್ತಾನೆ. ಬದುಕಿನ ಅರ್ಥ ಕೇಳಿದಾಗ, ಸತ್ತ ಮೇಲೆ ತಿಳಿಯುತ್ತದೆ ಅಂತಾನೆ ದೇವರು. ಅಷ್ಟು ದಿನ ಕಾಯಲಾರೆ ಅಂದರೆ, ಆರು ತಿಂಗಳೂ ಕಾಯಲಾರೆಯಾ ಅಂತ ಕೇಳುತ್ತಾನೆ. ಹೆಚ್ಚು ಕಡಿಮೆ ಆರು ತಿಂಗಳಿಗೆ, 1993ರ ಏಪ್ರಿಲ್ 1ರ ಕಂತಿನಲ್ಲಿ ಹೋಮರ್ ಕೋಮಾಗೆ ಹೋಗುತ್ತಾನೆ. ಥಿಯರಿ ಕಟ್ಟಿದವರು ಇವೆರಡನ್ನೂ ಜೋಡಿಸಿದರು. ಅವನು ಏಳಲೇ ಇಲ್ಲ, ಮಕ್ಕಳ ವಯಸ್ಸು ಏರದಿರುವುದು ಯಾಕೆ ಅಂದರೆ ಅವನಿಗೆ ನೆನಪಿರುವುದೇ ಅಷ್ಟು ಅಂತ ಅಂದರು. ಜೋಡಣೆ ಚೆನ್ನಾಗಿದೆ, ಅದನ್ನು ಮೆಚ್ಚಲೇಬೇಕು.

ಆದರೆ ಆ ಏಪ್ರಿಲ್ ಕಂತು ಎಂಥದ್ದು ಗೊತ್ತಾ? ಅದು ಕ್ಲಿಪ್ ಶೋ. ಹಳೆಯ ಕಂತುಗಳ ತುಣುಕು ಸೇರಿಸಿ, ನಡುವೆ ಸ್ವಲ್ಪ ಹೊಸದು ಹೊಲಿದು ಮಾಡಿದ್ದು. ಖರ್ಚು ಉಳಿಸುವುದಕ್ಕೆ, ಕೆಲಸ ಮಾಡಿ ಸುಸ್ತಾದವರಿಗೆ ಸ್ವಲ್ಪ ಉಸಿರು ಸಿಗಲಿ ಅಂತ ಇಂಥದ್ದು ಮಾಡುತ್ತಾರೆ. ಹಳೆಯದನ್ನೆಲ್ಲ ನೆನೆಸಿಕೊಳ್ಳಬೇಕಾದರೆ ಒಬ್ಬರು ಆಸ್ಪತ್ರೆಯಲ್ಲಿ ಮಲಗಿರಬೇಕು, ಉಳಿದವರು ಸುತ್ತ ಕೂತಿರಬೇಕು. ಕೋಮಾ ಬಂದದ್ದು ಅದಕ್ಕೆ. ಆ ಕಂತಿನ ಕೊನೆಗೆ ಹೋಮರ್ ಎದ್ದೂ ಕೂರುತ್ತಾನೆ. ಸ್ಟುಡಿಯೋದ ಸುಸ್ತನ್ನು ನಾನು ಮೈಯಲ್ಲಿ ಅನುಭವಿಸಿದ್ದೇನೆ. ರಾತ್ರಿ ಎರಡಕ್ಕೆ ಮೇಜಿನ ಮೇಲೆ ತಲೆ ಇಟ್ಟು ಮಲಗಿ, ಬೆಳಿಗ್ಗೆ ಅದೇ ಮೇಜಿನಲ್ಲಿ ಕೆಲಸ ಶುರು ಮಾಡಿದ ದಿನಗಳಿವೆ. ಹಾಗಾಗಿ ಆ ಕಂತು ನೋಡಿದಾಗ ನನ್ನ ಕಣ್ಣಿಗೆ ಕಾಣುವುದು ಮಂಚದ ಮೇಲಿನ ಹೋಮರ್ ಅಲ್ಲ, ಅದನ್ನು ಬರೆದ ದಣಿದ ಕೈಗಳು.

ಥಿಯರಿಯಲ್ಲಿ ಇನ್ನೊಂದು ದೋಷ ಇದೆ. ಅದು ಏನನ್ನು ಕೇಳಿದರೂ ಉತ್ತರ ಕೊಡುತ್ತದೆ. ಬಣ್ಣ ಬದಲಾದರೆ ಕನಸು. ವಯಸ್ಸು ನಿಂತರೆ ಕನಸು. ವಯಸ್ಸು ಏರಿದ್ದರೂ ಕನಸು ಅನ್ನಬಹುದಿತ್ತು. ಎಲ್ಲ ಬೀಗಕ್ಕೂ ಬೀಳುವ ಕೀಲಿ ಇದ್ದರೆ ಯಾವ ಮನೆಯ ಕೀಲಿ ಅಂತ ಹೇಳಲು ಬರುವುದಿಲ್ಲ. ಮೇಲಾಗಿ ವಯಸ್ಸು ನಿಂತದ್ದು 1993ರಲ್ಲಿ ಅಲ್ಲ. ಅದಕ್ಕೂ ಮೊದಲ ಮೂರು ವರ್ಷದಲ್ಲಿ ಬಾರ್ಟ್‌ಗೆ ಹತ್ತು ದಾಟಿರಲಿಲ್ಲ. ಆಗ ಹೋಮರ್ ಚೆನ್ನಾಗಿಯೇ ಇದ್ದ.

ಭವಿಷ್ಯ ಹೇಳುವ ವಿಷಯ ಸೆಮಿನಾರ್‌ಗೆ ಸೇರಿಸಬೇಡಿ. 2000ದ ಮಾರ್ಚ್‌ನ ಕಂತಿನಲ್ಲಿ ಟ್ರಂಪ್ ಅಧ್ಯಕ್ಷರಾಗಿದ್ದರು ಅನ್ನುವ ಮಾತು ಬಂದದ್ದು ನಿಜ. ಆದರೆ ವಾಟ್ಸಾಪ್‌ನಲ್ಲಿ ಅದರ ಜೊತೆ ಓಡಾಡುವ, ಟ್ರಂಪ್ ಎಸ್ಕಲೇಟರ್ ಮೇಲಿರುವ ಚಿತ್ರ 2015ರದು, ಘಟನೆ ನಡೆದ ಮೇಲೆ ಮಾಡಿದ್ದು. ಮೂವತ್ತೈದಕ್ಕೂ ಜಾಸ್ತಿ ಸೀಸನ್, ಏಳುನೂರಕ್ಕೂ ಜಾಸ್ತಿ ಕಂತು. ಅಷ್ಟು ತಮಾಷೆಯಲ್ಲಿ ಕೆಲವು ನಿಜ ಆಗದಿದ್ದರೆ ಅದೇ ಆಶ್ಚರ್ಯ.

ಸೆಮಿನಾರ್ ಹೇಗೆ ಮಾಡುವುದು? ಒಂದೇ ಥಿಯರಿ ಹಿಡಿದು ವಾದಿಸಿದರೆ ಕ್ಲಾಸು ಕಿವಿ ಕೊಟ್ಟು ಕೇಳುತ್ತದೆ. ಆದರೆ ನಿಮಗೆ ಅನುಕೂಲ ಆದ ಸಾಕ್ಷಿ ಮಾತ್ರ ಆರಿಸುವ ಚಾಳಿ ಬೀಳುತ್ತದೆ. ಪತ್ರಕರ್ತರಾಗುವವರಿಗೆ ಅದು ಒಳ್ಳೆಯದಲ್ಲ. ತಪ್ಪುಗಳ ದೊಡ್ಡ ಪಟ್ಟಿ ಮಾಡಿದರೆ ಕೆಲಸ ಮಾಡಿದ ಹಾಗೆ ಕಾಣುತ್ತದೆ, ಆದರೆ ಹತ್ತನೆಯ ತಪ್ಪಿಗೆ ಎಲ್ಲರೂ ಫೋನ್ ತೆಗೆಯುತ್ತಾರೆ. ಮೇಲಾಗಿ ಪಟ್ಟಿಯನ್ನು ಎಲ್ಲಿಂದಲೋ ಎತ್ತಿಕೊಂಡಿದ್ದರೆ ಅವರ ತಪ್ಪೂ ನಿಮ್ಮ ತಲೆಗೆ ಬರುತ್ತದೆ. ನನ್ನ ಸಲಹೆ, ನಾಯಿಯನ್ನು ತಗೊಳ್ಳಿ. ಒಂದೇ ಒಂದು ತಪ್ಪು. ಬಂದ ಕ್ರಮದಲ್ಲಿ ಒಮ್ಮೆ, ಕೋಡ್ ಕ್ರಮದಲ್ಲಿ ಒಮ್ಮೆ ಮೊದಲ ಸೀಸನ್ ನೋಡಿ. ನಾಯಿ ಯಾವಾಗ ಇದೆ, ಯಾವಾಗ ಇಲ್ಲ ಅಂತ ನಿಮ್ಮ ಕಣ್ಣಿಂದಲೇ ಬರೆದುಕೊಳ್ಳಿ. ಕೋಡ್ ಕ್ರಮದಲ್ಲಿ ಇಟ್ಟ ಮೇಲೂ ಹೊಂದದೆ ಉಳಿದದ್ದು ಇದ್ದರೆ ಅದನ್ನು ಮುಚ್ಚಿಡಬೇಡಿ, ಹೊಂದಲಿಲ್ಲ ಅಂತಲೇ ತೋರಿಸಿ. ಅಭಿಮಾನಿಗಳ ಮಾತು ಸೇರಿಸುವುದಾದರೆ ಅವರನ್ನು ಕೇಳಿ, ಒಪ್ಪಿಗೆ ಪಡೆದು ಸೇರಿಸಿ. ಯಾರೋ ರಾತ್ರಿ ಕೂತು ಖುಷಿಗೆ ಬರೆದದ್ದನ್ನು ಕ್ಲಾಸಿನ ಮುಂದೆ ಇಟ್ಟು ನಗಿಸುವುದು ಸರಿಯಲ್ಲ.

ಹೋದ ಖುಷಿ ಮತ್ತೆ ಬರುತ್ತದಾ ಅಂತ ನೀವು ನೇರವಾಗಿ ಕೇಳಿಲ್ಲ, ಆದರೂ ಹೇಳುತ್ತೇನೆ. ಭಾನುವಾರ ಊರಿಗೆ ಹೋದಾಗ 1991ರ ಶಾಲೆಯ ಕಂತನ್ನೂ 2008ರ ಬ್ಯಾಂಡಿನ ಕಂತನ್ನೂ ಒಂದರ ಹಿಂದೆ ಒಂದು ಹಾಕಿ. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮಗೆ ಗೊತ್ತಿರುವುದನ್ನು ಮೊದಲೇ ಹೇಳಬೇಡಿ. ಅವನಿಗೂ ಬಾರ್ಟ್‌ಗೂ ವಯಸ್ಸು ಸಮ ಇರುವುದು ಈ ಒಂದು ವರ್ಷ ಮಾತ್ರ. ‘ಅಣ್ಣಾ, ಇದು ಹ್ಯಾಂಗ?’ ಅಂತ ಅವನು ಕೇಳಿದಾಗ, ನಿನಗೆ ಏನು ಅನಿಸುತ್ತದೆ ಅಂತ ಕೇಳಿ, ಅವನು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. ಸಾಧ್ಯ ಆದರೆ ನನಗೂ ಕಳಿಸಿ. ಈ ಸಲ ಉತ್ತರ ಬರೆಯುತ್ತೇನೆ.